ಕಲ್ಲನ್ನು ಕೊರೆಯುವ ಉಕ್ಕು, ಉಕ್ಕನ್ನು ಕಾಯುವ ಎಣ್ಣೆ

ಮಳೆ ಕೈಕೊಟ್ಟ ವರ್ಷ ಮದ್ದೂರು, ಮಳವಳ್ಳಿಗಳ ಕಡೆ ಸಂಚರಿಸಿದವರಿಗೆ ಕೊಳವೆ ಬಾವಿ ಕೊರೆಯುವ ಯಂತ್ರದ ಆರ್ಭಟ ಅಪರಿಚಿತವಲ್ಲ. ಹೊಲದ ನಡುವೆ ಬಿಳಿಯ ಧೂಳು ಮೋಡವಾಗಿ ಏಳುತ್ತದೆ. ಮನೆಮಂದಿಯೆಲ್ಲ ನೀರಿನ ಸೆಲೆಗಾಗಿ ಕಾದು ನಿಂತಿರುತ್ತಾರೆ. ಅಡಿಯ ಲೆಕ್ಕದಲ್ಲಿ ಹಣ ತೆರುವ ರೈತನ ಕೆಲಸವೆಲ್ಲ ಆಗ ಕಣ್ಣಿಗೆ ಕಾಣದ ಒಂದು ಉಪಕರಣವನ್ನು ನೆಚ್ಚಿರುತ್ತದೆ. ಅದೇ ಕೊಳವೆಯ ತುದಿಯ ಬೈರಿಗೆ. ಜನರ ಮಾತಿನಲ್ಲಿ 'ಬಿಟ್'.

ಮಂಡ್ಯ ಸೀಮೆಯ ನೆಲದಡಿ ಹರಡಿರುವುದು ಬಹುಮಟ್ಟಿಗೆ ನೈಸ್ ಮತ್ತು ಗ್ರಾನೈಟ್ ಶಿಲೆ. ನೈಸ್ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದರಲ್ಲಿರುವ ಕ್ವಾರ್ಟ್ಸ್ ಹರಳುಗಳು ಸಾಮಾನ್ಯ ಉಕ್ಕಿಗಿಂತ ಗಡುಸಾದವು. ಆದುದರಿಂದ ಬರಿಯ ಉಕ್ಕಿನ ಬೈರಿಗೆ ಇಲ್ಲಿ ಬೇಗನೆ ಸವೆದುಹೋಗುತ್ತದೆ. 1923ರಲ್ಲಿ ಜರ್ಮನಿಯ ಕಾರ್ಲ್ ಶ್ರೋಟರ್ ಎಂಬವರು ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಲೋಹದೊಡನೆ ಕಾಯಿಸಿ ಬೆಸೆದು ಅತಿ ಗಡುಸಾದ ವಸ್ತುವನ್ನು ಪಡೆದರು. ಇಂದಿನ ಬಿಟ್ಟಿನ ಮುಖದಲ್ಲಿ ಕೂಡಿಸಿರುವ ಗುಂಡಿಗಳು ಈ ಜಾತಿಯವೇ.

ಆದರೆ ಅವೂ ಸವೆಯುತ್ತವೆ. ದುಂಡಗಿದ್ದ ಗುಂಡಿ ಚಪ್ಪಟೆಯಾದಂತೆ ಪೆಟ್ಟಿನ ಬಲ ಹೆಚ್ಚು ಜಾಗಕ್ಕೆ ಹಂಚಿಹೋಗಿ, ಕೊರೆತ ನಿಧಾನವಾಗುತ್ತದೆ. ಅಂಚಿನ ಸವೆತವು ಇನ್ನೂ ಅಪಾಯಕರ. ಬಿಟ್ಟಿನ ಸುತ್ತಳತೆ ಕುಗ್ಗಿದಂತೆ ರಂಧ್ರವೂ ಕಿರಿದಾಗುತ್ತದೆ. ಅದರೊಳಗೆ ಹೊಸ ಬಿಟ್ಟನ್ನು ಇಳಿಸಿದರೆ ಅದು ಸಿಕ್ಕಿಕೊಳ್ಳಬಹುದು.

ಬಿಟ್ಟಿನ ಮೇಲಿರುವ ಹ್ಯಾಮರಿನಲ್ಲಿ ಪಿಸ್ಟನ್ ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಪೆಟ್ಟು ಹಾಕುತ್ತದೆ. ಅದನ್ನು ನಡೆಸುವುದು ಒತ್ತಡದ ಗಾಳಿ. ಅದೇ ಗಾಳಿಯಲ್ಲಿ ತುಂತುರಾಗಿ ಬೆರೆತ ಎಣ್ಣೆಯು ಪಿಸ್ಟನ್ನಿನ ಸುತ್ತ ತೆಳುವಾದ ಪೊರೆಯನ್ನು ಕಟ್ಟುತ್ತದೆ. ಎಣ್ಣೆ ತೀರಿದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಪಿಸ್ಟನ್ ಬಿಗಿದು ನಿಲ್ಲುವುದು. ಹೊರಬರುವ ಗಾಳಿಯು ಕಲ್ಲಿನ ಪುಡಿಯನ್ನು ಮೇಲಕ್ಕೆ ಹೊತ್ತು ತರುತ್ತದೆ. ಪುಡಿ ತಳದಲ್ಲಿಯೇ ಉಳಿದರೆ ಬಿಟ್ ಅದನ್ನೇ ಮತ್ತೆ ಮತ್ತೆ ಅರೆದು ವೃಥಾ ಸವೆಯುತ್ತದೆ.

ಕಾರ್ಖಾನೆಯಲ್ಲಿ ಉಕ್ಕನ್ನು ಆಳವಾಗಿ ಕೊರೆಯುವಾಗಲೂ ಸಮಸ್ಯೆ ಇಂತಹುದೇ. ಅಗಲಕ್ಕಿಂತ ಸುಮಾರು 10 ಪಟ್ಟು ಆಳವಾದ ರಂಧ್ರವನ್ನು ಆಳರಂಧ್ರವೆನ್ನುತ್ತಾರೆ. ಬಂದೂಕದ ನಳಿಗೆಯನ್ನು ಕೊರೆಯುವ ಬೈರಿಗೆಯ ಒಡಲಲ್ಲಿ ಟೊಳ್ಳುದಾರಿ ಇರುತ್ತದೆ. ಅದರ ಮೂಲಕ ಒತ್ತಡದಿಂದ ನುಗ್ಗುವ ಎಣ್ಣೆ ಅಲಗನ್ನು ತಂಪಾಗಿಡುತ್ತದೆ, ಉಜ್ಜಾಟವನ್ನು ತಗ್ಗಿಸುತ್ತದೆ, ಉಕ್ಕಿನ ಚೂರುಗಳನ್ನು ಹೊರದೂಡುತ್ತದೆ. ಚೂರು ಸಿಕ್ಕಿಕೊಂಡರೆ ಬೈರಿಗೆಯೇ ಮುರಿಯಬಹುದು. ವ್ಯತ್ಯಾಸವಿಷ್ಟೆ: ಅಲ್ಲಿ ಮೂರು ಕೆಲಸಗಳನ್ನೂ ಎಣ್ಣೆಯೇ ಮಾಡುತ್ತದೆ, ಹೊಲದಲ್ಲಿ ಪುಡಿಯನ್ನು ಹೊರುವ ಹೊಣೆ ಗಾಳಿಯದು.

ಒಳ್ಳೆಯ ಬಿಟ್ಟಾಗಲಿ ಎಣ್ಣೆಯಾಗಲಿ ನೀರನ್ನು ಸೃಷ್ಟಿಸಲಾರದು. ಈ ಗಟ್ಟಿಶಿಲೆಯಲ್ಲಿ ನೀರಿರುವುದು ಬಿರುಕುಗಳಲ್ಲಿ. ಆದರೆ ಬಿರುಕನ್ನು ಮುಟ್ಟುವ ಮುನ್ನವೇ ಹ್ಯಾಮರ್ ಬಾವಿಯೊಳಗೆ ಸಿಕ್ಕಿಕೊಂಡರೆ ಶ್ರಮವೆಲ್ಲ ವ್ಯರ್ಥ. ಆದುದರಿಂದಲೇ ಅನುಭವಿ ಕೆಲಸಗಾರನು ಹ್ಯಾಮರನ್ನು ಇಳಿಸುವ ಮುನ್ನ ಬಿಟ್ಟಿನ ಅಗಲವನ್ನು ಅಳೆಯುತ್ತಾನೆ. ಹೊರಬರುವ ಗಾಳಿಗೆ ಒಂದು ರಟ್ಟಿನ ತುಂಡನ್ನು ಒಡ್ಡುತ್ತಾನೆ. ಅದರ ಮೇಲೆ ಎಣ್ಣೆಯ ಪಸೆ ಮೂಡಿದರೆ ಕೆಲಸ ಆರಂಭವಾಗಬಹುದು.