ಕತೆ ಎಲ್ಲಿಂದ ಶುರುವಾಗುತ್ತೆ ಅನ್ನೋದೇ ರಾಜಕೀಯ

2016ರ ಏಪ್ರಿಲ್ 18 ಮತ್ತು 19. ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದಿದ್ದರು. ಬಹುತೇಕರು ಹೆಣ್ಣುಮಕ್ಕಳು. ನಾನಾಗ ಇಂಜಿನಿಯರಿಂಗ್ ಮುಗಿಸಿ, ಸಾಫ್ಟ್‌ವೇರ್ ಕೆಲಸ ಬಿಟ್ಟು, ಒಂದು ನ್ಯೂಸ್ ಚಾನೆಲ್ಲಿನ ಡೆಸ್ಕಿಗೆ ಸೇರಿದ್ದ ಹೊಸಬ. ಎರಡು ನಿಮಿಷದ ಸ್ಕ್ರಿಪ್ಟ್ ಬರೆಯೋ ಕೆಲಸ ನನಗೆ ಬಿತ್ತು. ಬೆಳಗ್ಗೆ ಆಫೀಸಿಗೆ ಹೊರಟವರು ಗಂಟೆಗಟ್ಟಲೆ ಜಾಮಿನಲ್ಲಿ ಸಿಕ್ಕಿಹಾಕಿಕೊಂಡರು ಅಂತ ಶುರು ಮಾಡಿದೆ. ನಡುವೆ ಬೆಂಕಿ ಬಿದ್ದ ಬಸ್ಸು, ಲಾಠಿ, ಅಶ್ರುವಾಯು. ಕೊನೆಗೆ ಪರಿಸ್ಥಿತಿ ಹತೋಟಿಗೆ ಬಂತು.

ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಹೀಗೇ ಬರಿ ಅಂತ ಯಾರೂ ಒತ್ತಡ ಹಾಕಿರಲಿಲ್ಲ. ಆದರೂ ಆ ಸ್ಕ್ರಿಪ್ಟ್ ತಪ್ಪಾಗಿತ್ತು. ಯಾಕೆ ಅಂತ ನನಗೆ ಅರ್ಥವಾಗಿದ್ದು ಕೆಲವು ವರ್ಷಗಳ ನಂತರ, ಕಥನ ಸಿದ್ಧಾಂತದ ಪುಸ್ತಕಗಳನ್ನು ಓದಿದಾಗ.

ಈ ಸಿದ್ಧಾಂತ ಹೆಸರಿನಷ್ಟು ಭಯಾನಕವೇನಲ್ಲ. 1928ರಲ್ಲಿ ರಷ್ಯಾದ ವ್ಲಾದಿಮಿರ್ ಪ್ರಾಪ್ ನೂರು ಜನಪದ ಕತೆಗಳನ್ನು ಬಿಚ್ಚಿ ನೋಡಿದರು. ಹೊರಗಿನಿಂದ ನೂರು ಬೇರೆ ಬೇರೆ ಕತೆ. ಒಳಗೆ ಸುತ್ತಿ ಸುತ್ತಿ ಬರೋದು 31 ಘಟನೆಗಳು, ಏಳು ಪಾತ್ರಗಳು: ನಾಯಕ, ಖಳ, ನಾಯಕನನ್ನು ಹೊರಡಿಸುವವನು, ಮಾಯದ ವಸ್ತು ಕೊಡುವ ದಾನಿ, ಸಹಾಯಕ, ರಾಜಕುಮಾರಿ ಮತ್ತು ಕೊನೆಯದಾಗಿ ಸುಳ್ಳು ನಾಯಕ. ಆಮೇಲೆ ಬಲ್ಗೇರಿಯಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ತ್ಸ್ವೆತಾನ್ ತೊದೊರೋವ್ ಇನ್ನೂ ಸರಳ ಮಾಡಿದರು. ಎಲ್ಲವೂ ಸರಿಯಿದ್ದ ಒಂದು ಸ್ಥಿತಿ, ಅದು ಕೆಡುತ್ತದೆ, ಕೆಟ್ಟಿದ್ದು ಗೊತ್ತಾಗುತ್ತದೆ, ಸರಿ ಮಾಡುವ ಪ್ರಯತ್ನ ನಡೆಯುತ್ತದೆ, ಹೊಸ ಸಮಸ್ಥಿತಿ ಬರುತ್ತದೆ. ಐದೇ ಮೆಟ್ಟಿಲು.

ಇದನ್ನು ಜಾಹೀರಾತಿಗೆ ಹಚ್ಚಿ ನೋಡಿ. 2000ದ ದಶಕದ ಆರಂಭದಲ್ಲಿ ಬಂದಿದ್ದ ಫೇರ್ ಅಂಡ್ ಲವ್ಲಿ ಜಾಹೀರಾತು ಹಲವರಿಗೆ ನೆನಪಿರಬಹುದು. ಮನೆಯಲ್ಲಿ ಕಷ್ಟ, ಮಗನಿದ್ದಿದ್ದರೆ ಅಂತ ಅಪ್ಪನ ಕೊರಗು. ಅದು ಮಗಳ ಕಿವಿಗೆ ಬೀಳುತ್ತದೆ. ಕ್ರೀಮ್ ಹಚ್ಚುತ್ತಾಳೆ, ಬೆಳ್ಳಗಾಗುತ್ತಾಳೆ, ಗಗನಸಖಿ ಕೆಲಸ ಸಿಗುತ್ತೆ, ಮನೆ ನಗುತ್ತದೆ. ತೊದೊರೋವ್ ಹೇಳಿದ ಮೆಟ್ಟಿಲುಗಳೆಲ್ಲ ಒಂದು ನಿಮಿಷದೊಳಗೆ ಮುಗಿದವು. ಕಂಪನಿಯೇ ದಾನಿ, ಟ್ಯೂಬೇ ಮಾಯದ ವಸ್ತು.

ಹಾಗಾದ್ರೆ ಖಳ ಯಾರು? ಮಗ ಬೇಕಿತ್ತು ಅಂದ ಅಪ್ಪ ಅಲ್ಲ. ಬಣ್ಣ ನೋಡಿ ಕೆಲಸ ಕೊಡೋ ಸಂಸ್ಥೆಯೂ ಅಲ್ಲ. ಖಳ ಅವಳ ಚರ್ಮ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕತೆಯ ರಚನೆಯೇ ಹೇಳುತ್ತದೆ. ಮಹಿಳಾ ಸಂಘಟನೆಗಳು ಆಕ್ಷೇಪಿಸಿದ್ದು ಇದನ್ನೇ. 1975ರಲ್ಲಿ ಬಂದ ಆ ಕ್ರೀಮಿನ ಹೆಸರಿನಿಂದ ‘ಫೇರ್’ ಹೋಗಲು 2020 ಆಗಬೇಕಾಯ್ತು.

ಸಿನಿಮಾದಲ್ಲಿ ಆಟ ಇನ್ನೂ ಸೂಕ್ಷ್ಮ. ‘ಕಾಂತಾರ’ (2022) ನೆನಪಿಸಿಕೊಳ್ಳಿ. ಬಹಳ ಹೊತ್ತು ಖಳನ ಜಾಗದಲ್ಲಿರೋದು ಅರಣ್ಯಾಧಿಕಾರಿ ಮುರಳಿ. ಊರಿನವರ ಪರ ಇದ್ದಂತೆ ಕಾಣುವ ಧಣಿ ದೇವೇಂದ್ರ ಕೊನೆಗೆ ನಿಜವಾದ ಖಳ ಅಂತ ಗೊತ್ತಾಗುತ್ತದೆ. ಪ್ರಾಪ್ ಹೇಳಿದ ಸುಳ್ಳು ನಾಯಕ ಇವನೇ. ಕತೆಯಾಗಿ ಇದು ಗಟ್ಟಿ ತಿರುವು. ಧಣಿಯ ದಾನದ ಹಿಂದೆ ಏನಿರುತ್ತೆ ಅಂತಲೂ ತೋರಿಸುತ್ತೆ. ಆದರೆ ಖಳ ಬದಲಾದ ಕೂಡಲೇ ಅಧಿಕಾರಿ ನಮ್ಮವನಾಗುತ್ತಾನೆ. ಕೈ ಕೈ ಜೋಡಿಸಿದಾಗ ನಮಗೆ ಸಮಾಧಾನ. ಕಾಡಿನ ಜನರ ಹಕ್ಕು ಮತ್ತು ಅರಣ್ಯ ಕಾನೂನಿನ ಜಗಳ ಮಾತ್ರ ಬಗೆಹರಿದಿಲ್ಲ, ಕತೆ ಮುಗಿದಿದ್ದರಿಂದ ಬಗೆಹರಿದಂತೆ ಅನ್ನಿಸುತ್ತದೆ. ಅದೇ ‘ಬಂಗಾರದ ಮನುಷ್ಯ’ (1972) ಬೇರೆ ದಾರಿ ಹಿಡಿಯಿತು. ಮನೆ ಕಟ್ಟಿದ ರಾಜೀವ ಅದೇ ಮನೆ ಬಿಟ್ಟು ಹೋಗುತ್ತಾನೆ. ಹೊಸ ಸಮಸ್ಥಿತಿಯಲ್ಲಿ ನಾಯಕನಿಗೇ ಜಾಗವಿಲ್ಲ. ಅದಕ್ಕೇ ಆ ಕೊನೆ ಇವತ್ತಿಗೂ ಕಾಡುತ್ತದೆ.

ಇನ್ನು ಧಾರಾವಾಹಿಗಳು. ಅವು ನಾಲ್ಕನೇ ಮೆಟ್ಟಿಲಲ್ಲೇ ಬದುಕುತ್ತವೆ. ಸಮಸ್ಯೆ ಬಗೆಹರಿದರೆ ನಾಳೆ ಎಪಿಸೋಡ್ ಇಲ್ಲ. ಟಿವಿ ಚರ್ಚೆಗಳದ್ದೂ ಇದೇ ಲೆಕ್ಕ. ದಿನಾ ಒಬ್ಬ ಖಳ ಬೇಕು, ಒಂದು ಕೇಡು ಬೇಕು, ಪರಿಹಾರ ಮಾತ್ರ ಬರಬಾರದು.

ಈಗ ನನ್ನ ಸ್ಕ್ರಿಪ್ಟಿಗೆ ಬರ್ತೀನಿ. ಇಂಜಿನಿಯರಿಂಗ್ ಓದಿದವರಿಗೆ ಗೊತ್ತು: ಸಮೀಕರಣ ಅದೇ ಇದ್ದರೂ ಇನಿಷಿಯಲ್ ಕಂಡಿಷನ್ ಬದಲಾದರೆ ಉತ್ತರ ಬದಲಾಗುತ್ತೆ. ನಾನು ‘ಎಲ್ಲವೂ ಸರಿಯಿದ್ದ ಸ್ಥಿತಿ’ ಅಂತ ಆರಿಸಿಕೊಂಡಿದ್ದು ಅವತ್ತಿನ ಬೆಳಗಿನ ಖಾಲಿ ರಸ್ತೆಯನ್ನು. ಆಗ ಕೆಡಿಸಿದವರು ಕಾರ್ಮಿಕರು, ಸರಿ ಮಾಡಿದವರು ಪೊಲೀಸರು. ಇದನ್ನು ನಾನು ಬರೆಯಬೇಕಾಗಿಯೇ ಇರಲಿಲ್ಲ, ಆರಂಭದ ಸಾಲು ತಾನಾಗಿ ಬರೆಸಿಕೊಂಡಿತು.

ಅದೇ ಕತೆಯನ್ನು ಎರಡು ತಿಂಗಳು ಹಿಂದಿನಿಂದ ಶುರು ಮಾಡಿದ್ದರೆ? 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತ್ತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಅಂತ. ಪಿಎಫ್ ಹಣ ಅಂದ್ರೆ ಮಗಳ ಫೀಸು, ಮನೆ ಅಡ್ವಾನ್ಸು, ಆಸ್ಪತ್ರೆ ಖರ್ಚು ಅಂತ ನಂಬಿದ್ದ ಹೆಣ್ಣುಮಕ್ಕಳಿಗೆ ಕೆಟ್ಟಿದ್ದು ಅವತ್ತು. ಅಲ್ಲಿಂದ ನೋಡಿದರೆ ಪ್ರತಿಭಟನೆ ಎರಡನೇ ಮೆಟ್ಟಿಲಲ್ಲ, ನಾಲ್ಕನೆಯದು. ಏಪ್ರಿಲ್ 19ರಂದೇ ಕೇಂದ್ರ ಆ ನಿಯಮ ಹಿಂಪಡೆಯಿತು. ಅಂದರೆ ದೇಶದ ಕಾರ್ಮಿಕರಿಗೆ ತಮ್ಮ ದುಡ್ಡು ವಾಪಸ್ ಕೊಡಿಸಿದ ನಾಯಕಿಯರು ಅವರು. ನನ್ನ ಸ್ಕ್ರಿಪ್ಟಿನಲ್ಲಿ ಅವರು ಅಡಚಣೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಕತೆಯನ್ನು ಹಿಂದಕ್ಕೆ ಒಯ್ದ ಮಾತ್ರಕ್ಕೆ ನ್ಯಾಯ ಸಿಗೋದಿಲ್ಲ. ಐನೂರು ವರ್ಷ ಹಿಂದಿನ ರಾಜನನ್ನು ಖಳ ಮಾಡಿ, ಇವತ್ತಿನ ಪಕ್ಕದ ಮನೆಯವರ ಮೇಲೆ ಲೆಕ್ಕ ಚುಕ್ತಾ ಮಾಡುವವರೂ ಇದೇ ಉಪಾಯ ಬಳಸುತ್ತಾರೆ. ಹಾಗಾಗಿ ಆರಂಭಕ್ಕೂ ಇವತ್ತಿಗೂ ನಡುವೆ ನಿಜವಾದ ಕಾರ್ಯಕಾರಣ ಇದೆಯಾ ಅಂತ ನೋಡಲೇಬೇಕು. ಪಿಎಫ್ ಅಧಿಸೂಚನೆಗೆ ತಾರೀಕು ಇದೆ, ದಾಖಲೆ ಇದೆ, ನಷ್ಟವಾದವರು ಕಣ್ಣೆದುರು ಇದ್ದಾರೆ. ಸೇಡಿನ ಕತೆಗಳಲ್ಲಿ ಇದ್ಯಾವುದೂ ಇರೋದಿಲ್ಲ.

ನಾನೀಗ ಏನೇ ನೋಡಿದರೂ ಮೂರು ಪ್ರಶ್ನೆ ಕೇಳಿಕೊಳ್ತೀನಿ. ‘ಎಲ್ಲ ಚೆನ್ನಾಗಿತ್ತು’ ಅನ್ನೋದು ಯಾರ ಪಾಲಿಗೆ? ಖಳನ ಜಾಗದಲ್ಲಿ ಇರಬೇಕಾದವರು ಎಲ್ಲಿ ತಪ್ಪಿಸಿಕೊಂಡರು? ಕೊನೆಯಲ್ಲಿ ಬಗೆಹರಿದಿದ್ದು ಸಮಸ್ಯೆನಾ, ಬರೀ ಕತೆನಾ? ಇದನ್ನು ಎದುರಾಳಿಗಳ ವಿಡಿಯೋಗೆ ಮಾತ್ರ ಕೇಳಿದರೆ ಪ್ರಯೋಜನವಿಲ್ಲ. ನಾವು ಹಂಚೋ ರೀಲಿಗೂ, ನಾನು ಬರೆಯೋ ಕಾಲಮ್ಮಿಗೂ ಕೇಳಬೇಕು. ಆ ಸ್ಕ್ರಿಪ್ಟ್ ಬರೆದ ದಿನ ನಾನು ಕೇಳಿಕೊಂಡಿರಲಿಲ್ಲ.