ಹದಿನಾರು ಮಿಲಿಸೆಕೆಂಡಿನ ಸಂಸಾರ

2025ರ ಮೇ ತಿಂಗಳು. ಪಿಯುಸಿ ಮುಗಿಸಿದ ಅಕ್ಕನ ಮಗ ದಾವಣಗೆರೆಯಿಂದ ಬಂದಿಳಿದ. ಜೇಬಲ್ಲಿ ಅವರಪ್ಪ ಕೊಟ್ಟ ಅರವತ್ತು ಸಾವಿರ, ಬಾಯಲ್ಲಿ ಒಂದೇ ಪ್ರಶ್ನೆ: "ಮಾಮ, ಐ5 ಪ್ರೊಸೆಸರ್ ಹಾಕ್ಸೋಣೋ, ಐ7 ಹಾಕ್ಸೋಣೋ?" ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲೂ ಮಾತು ಶುರುವಾಗುವುದು ಅಲ್ಲಿಂದಲೇ. ನಾನು ಕೇಳಿದೆ, "ಮಾನಿಟರ್ ಯಾವುದು?" "ಅದು ಕೊನೀಗೆ ನೋಡಿದ್ರಾತು ಬಿಡ್ರಿ" ಅಂದ.

ಗೇಮಿಂಗ್ ಕಂಪ್ಯೂಟರಿನ ಲೆಕ್ಕ ತಪ್ಪುವುದೇ ಇಲ್ಲಿ. ಇಡೀ ಡಬ್ಬ ದುಡಿಯುವುದು ಆ ಪರದೆಯ ಹೊಟ್ಟೆ ತುಂಬಿಸಲು. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳು. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಸಲ ಹೊಸ ಚಿತ್ರ ಕೇಳುತ್ತದೆ. ಅಂದರೆ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು, ಒಂದೊಂದು ಚಿತ್ರಕ್ಕೂ ಸಿಗುವುದು 16.7 ಮಿಲಿಸೆಕೆಂಡು. 144 ಹರ್ಟ್ಸಿನದು ತಂದರೆ ಗಡುವು 7 ಮಿಲಿಸೆಕೆಂಡಿಗೆ ಇಳಿಯುತ್ತದೆ. 4ಕೆ ತಂದರೆ ಚುಕ್ಕೆಗಳು ನಾಲ್ಕು ಪಟ್ಟು. ಮಾನಿಟರ್ ನಿಶ್ಚಯವಾಗದೆ ಉಳಿದದ್ದನ್ನು ಆರಿಸುವುದು, ಎಷ್ಟು ಜನ ಊಟಕ್ಕೆ ಬರುತ್ತಾರೆಂದು ಕೇಳದೆ ಅಕ್ಕಿ ನೆನೆಹಾಕಿದ ಹಾಗೆ.

ಊಟದ ಮಾತು ಬಂತಲ್ಲ, ಅದನ್ನೇ ಹಿಡಿಯೋಣ. ಪ್ರೊಸೆಸರ್ ಎಂದರೆ ಕೈ ಪಳಗಿದ ಅಡುಗೆ ಭಟ್ಟರು. ನಾವು ಆರಿಸಿದ ರೈಜನ್ 5 5600ರಲ್ಲಿ ಇಂಥವರು ಆರು ಮಂದಿ. ನೀವು ಮೌಸ್ ಒತ್ತಿದಾಗ ಗುಂಡು ಎತ್ತ ಹೋಯಿತು, ಗೋಡೆಗೆ ಬಡಿಯಿತೋ ಶತ್ರುವಿಗೋ, ಅವನೀಗ ಎತ್ತ ಓಡಬೇಕು, ಹೀಗೆ ಒಂದರ ಉತ್ತರಕ್ಕೆ ಇನ್ನೊಂದು ಕಾಯುವ ಕೆಲಸಗಳೆಲ್ಲ ಇವರದು. ಗ್ರಾಫಿಕ್ಸ್ ಕಾರ್ಡ್ ಬೇರೆಯೇ ಜಾತಿ. ಆರ್‌ಎಕ್ಸ್ 6600ರಲ್ಲಿ 1792 ಪುಟ್ಟ ಗಣಕಗಳಿವೆ. ಎಲ್ಲವೂ ಹೋಳಿಗೆ ತಟ್ಟುವುದೊಂದನ್ನೇ ಬಲ್ಲವು, ಆದರೆ ಒಟ್ಟಿಗೇ ತಟ್ಟುತ್ತವೆ. ಒಂದು ಚುಕ್ಕೆಯ ಬಣ್ಣ ಗೊತ್ತಾಗಲು ಸಾಮಾನ್ಯವಾಗಿ ಪಕ್ಕದ ಚುಕ್ಕೆಗೆ ಕಾಯಬೇಕಿಲ್ಲವಾದ್ದರಿಂದ ಈ ಸಾಮೂಹಿಕ ಕೆಲಸ ಸಾಧ್ಯ. ಆದ್ದರಿಂದಲೇ ಅರವತ್ತರಲ್ಲಿ ಸುಮಾರು ಇಪ್ಪತ್ತು ಸಾವಿರವನ್ನು ಕಾರ್ಡಿಗೇ ಸುರಿದೆವು. ಐ7ರ ಆಸೆಗೆ ಬಿದ್ದು ಕಾರ್ಡಿನಲ್ಲಿ ಉಳಿಸಿದ್ದರೆ ಭಟ್ಟರು ಹಿಟ್ಟು ಕಲಸಿಟ್ಟು ಕೈಕಟ್ಟಿ ಕೂರಬೇಕಾಗುತ್ತಿತ್ತು.

ಈ ತಟ್ಟುವ ಗುಂಪಿನ ಜಾತಕವೂ ವಿಚಿತ್ರ. 1999ರಲ್ಲಿ ಎನ್‌ವಿಡಿಯಾ ತನ್ನ ಜಿಫೋರ್ಸ್ 256ನ್ನು ಜಗತ್ತಿನ ಮೊದಲ ಜಿಪಿಯು, ಅಂದರೆ ಗ್ರಾಫಿಕ್ಸ್ ಪ್ರೊಸೆಸರ್, ಎಂದು ಕರೆದು ಮಾರಿತು. ಆಟಕ್ಕಾಗಿ ಮಾಡಿದ್ದು. 2012ರಲ್ಲಿ ಚಿತ್ರ ಗುರುತಿಸುವ ಅಲೆಕ್ಸ್‌ನೆಟ್ ಎಂಬ ನರಜಾಲವನ್ನು ಅಂಥವೇ ಎರಡು ಆಟದ ಕಾರ್ಡುಗಳಲ್ಲಿ ಪಳಗಿಸಿದರು; ಇವತ್ತಿನ ಎಐ ಭರಾಟೆಗೆ ಅದೂ ಒಂದು ಕಿಡಿ. ನಡುವೆ ಈಥರ್ ಎಂಬ ಕ್ರಿಪ್ಟೋ ನಾಣ್ಯ ಅಗೆಯುವವರು ಕಾರ್ಡುಗಳನ್ನೆಲ್ಲ ಗುಡಿಸಿಕೊಂಡು ಹೋದರು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯಕ್ಕೆ ಅಗೆತವೇ ಬೇಡವಾದದ್ದೇ ತಡ, ದುಡಿದು ಸವೆದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ನಾವು ಕೊಂಡ ಆರೇಳು ತಿಂಗಳಿಗೆ ಎಐ ಡೇಟಾ ಕೇಂದ್ರಗಳ ಹಸಿವಿನಿಂದ ರ‍್ಯಾಮ್ ಬೆಲೆಯೂ ಗಗನಕ್ಕೇರಿತು. ಆಟದ ಹುಡುಗರ ಕಾಸಿನಲ್ಲಿ ಬೆಳೆದ ಕೂಸು ಈಗ ಅವರ ತಟ್ಟೆಗೇ ಕೈ ಹಾಕಿದೆ.

ಅಂಗಡಿಯಲ್ಲಿ ಒಬ್ಬರು ಅಗ್ಗದ ಕಾರ್ಡೊಂದನ್ನು ಮುಂದೆ ಚಾಚಿ "ಇದ್ರಲ್ಲಿ 4 ಜಿಬಿ ಮೆಮೊರಿ ಇದೆ ಸಾರ್" ಅಂದರು. ಜಿಟಿ 730. ಸುಳ್ಳಲ್ಲ, ಡಬ್ಬದ ಮೇಲೆ 4 ಜಿಬಿ ಎಂದೇ ಇದೆ. ಆದರೆ ತೊಟ್ಟಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ನಲ್ಲಿ ಎಷ್ಟು ದಪ್ಪ ಅನ್ನುವುದು ಮುಖ್ಯ. 64 ಬಿಟ್ ದಾರಿಯ, ಡಿಡಿಆರ್3 ಮೆಮೊರಿಯ ಜಿಟಿ 730 ಸೆಕೆಂಡಿಗೆ ಹೆಚ್ಚೆಂದರೆ 14 ಜಿಬಿ ಚಿಲ್ಲರೆ ಹರಿಸೀತು. ಅದೇ 4 ಜಿಬಿಯ ಜಿಟಿಎಕ್ಸ್ 1650 ಹರಿಸುವುದು 128 ಜಿಬಿ. ಇನ್ನೊಂದು ಸೂಕ್ಷ್ಮ ಬಲೆ 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ. ಕಾರ್ಡಿನೊಳಗಿನ ನಲ್ಲಿ 144 ಜಿಬಿಯದು, ದಪ್ಪವೇ. ಮದರ್‌ಬೋರ್ಡಿಗೆ ಮಾತ್ರ ನಾಲ್ಕೇ ಎಳೆಗಳ ಸಂಪರ್ಕ. ಹಳೆಯ ಪಿಸಿಐಇ 3.0 ಬೋರ್ಡಿನಲ್ಲಿ ಕೂರಿಸಿದರೆ ಆ ದಾರಿ ಸೆಕೆಂಡಿಗೆ ಸುಮಾರು 4 ಜಿಬಿ. ಕಾರ್ಡಿನ ಮೆಮೊರಿ ತುಂಬಿ ಹೊರಗಿನ ರ‍್ಯಾಮಿನಿಂದ ಸಾಮಾನು ತರಿಸುವ ಪ್ರಸಂಗ ಬಂತೋ, ಆಟ ತೊದಲುತ್ತದೆ. ಅಗ್ಗದ ಬೋರ್ಡಿಗೆ ಅಗ್ಗದ ಕಾರ್ಡು ಎಂದು ಜೋಡಿ ಮಾಡುವವರೇ ಇದಕ್ಕೆ ಸಿಕ್ಕಿಬೀಳುವವರು.

ರ‍್ಯಾಮ್ ವಿಷಯ ಬೇಗ ಮುಗಿಸುತ್ತೇನೆ: 16 ಜಿಬಿಯದು ಒಂದರ ಬದಲು 8ರದು ಎರಡು. ಎರಡು ದಾರಿ ತೆರೆದರೆ ಡಿಡಿಆರ್4 3200 ರ‍್ಯಾಮಿನ ಹರಿವು 25.6ರಿಂದ 51.2 ಜಿಬಿಗೆ ಏರುತ್ತದೆ. ಹಳೆಯ ಹಾರ್ಡ್ ಡಿಸ್ಕನ್ನೇ ಹಾಕಿಸುತ್ತೇನೆಂದು ಹುಡುಗ ಹಟ ಹಿಡಿದ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಮಾಹಿತಿ ಈಗಷ್ಟೇ ದಾಟಿಹೋಗಿದ್ದರೆ ಮತ್ತೆ ಸುತ್ತಿ ಬರಲು 8.3 ಮಿಲಿಸೆಕೆಂಡು ಬೇಕು. ಒಂದು ಚಿತ್ರದ ಆಯುಷ್ಯದಲ್ಲಿ ಅರ್ಧ! ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ. ಹಾರ್ಡ್ ಡಿಸ್ಕು ಸಿನಿಮಾ ತುಂಬಿಡಲು ಇರಲಿ ಎಂದು ರಾಜಿಯಾದೆವು.

ನನ್ನ ಹಟ ಇದ್ದದ್ದು ಎಸ್‌ಎಂಪಿಎಸ್ ಬಗ್ಗೆ. ಹಿಂದೊಮ್ಮೆ ಕ್ಯಾಬಿನೆಟ್ ಜೊತೆ ಪುಕ್ಕಟೆ ಸಿಕ್ಕಿದ್ದನ್ನು ನಂಬಿದ್ದೆ. ಒಂದು ಸಂಜೆ ಪಟ್ ಅಂತ ಸದ್ದು, ಸುಟ್ಟ ವಾಸನೆ, ಜೊತೆಗೆ ಮದರ್‌ಬೋರ್ಡೂ ಹೋಯಿತು. ಗೋಡೆಯ 230 ವೋಲ್ಟನ್ನು ಮುಖ್ಯವಾಗಿ 12 ವೋಲ್ಟಿಗೆ ಇಳಿಸಿ ಬಡಿಸುವ ಪೆಟ್ಟಿಗೆ ಇದು. ಪ್ರೊಸೆಸರ್, ಕಾರ್ಡು ಎರಡೂ ಉಣ್ಣುವುದು ಆ 12 ವೋಲ್ಟಿನಲ್ಲೇ. ಹೊರಗೆ ದಪ್ಪಕ್ಷರದಲ್ಲಿ 500 ವಾಟ್ ಎಂದಿರಬಹುದು, ನೀವು ಪಕ್ಕದ ಸಣ್ಣ ಚೀಟಿ ಓದಿ. 12 ವೋಲ್ಟಿನ ಸಾಲಲ್ಲಿ 18 ಆಂಪ್ ಎಂದಿದ್ದರೆ ಅಲ್ಲಿ ನಿಜಕ್ಕೂ ಇರುವುದು 216 ವಾಟ್. ಆರ್‌ಎಕ್ಸ್ 6600 ಒಂದೇ 132 ವಾಟ್ ಕೇಳುತ್ತದೆ, ಕ್ಷಣಮಾತ್ರ ಅದಕ್ಕಿಂತ ಹೆಚ್ಚಿಗೂ ಬಾಯಿ ಹಾಕುತ್ತದೆ. ಮನೆಯ ಯುಪಿಎಸ್‌ಗೂ ಇದೇ ಮಾತು: 600 ವಿಎ ಎಂದು ಬರೆದಿರುವ ಬಹುಪಾಲು ಪೆಟ್ಟಿಗೆಗಳ ತ್ರಾಣ 360 ವಾಟ್ ಅಷ್ಟೆ. ಬಣ್ಣಬಣ್ಣದ ಆರ್‌ಜಿಬಿ ಫ್ಯಾನುಗಳನ್ನು ಬಿಡಿಸಿ, ಆ ಕಾಸಿಗೆ ಒಳ್ಳೆಯ 550 ವಾಟಿನದು ಹಾಕಿಸಿದೆ. ಹುಡುಗನ ಮುಖ ಸಪ್ಪೆಯಾಯಿತು. ಆಗಲಿ.

ಕೊನೆಗೆ ಅಂಗಡಿಯವರು ಎಲ್ಲ ಜೋಡಿಸಿ, ಚಾಲೂ ಮಾಡಿ ತೋರಿಸಿ, ಜಿಎಸ್‌ಟಿ ಬಿಲ್ಲು ಕೊಟ್ಟರು. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆ ಅನ್ನುವವರಿದ್ದಾರೆ. ವಾರಂಟಿಯೂ ಆ ಬಿಲ್ಲಿನ ಜೊತೆಗೇ ಹೋಗುತ್ತದೆ. ಹೊರಡುವಾಗ ಅವನಿಗೊಂದು ಮಾತು ಹೇಳಿದ್ದೆ: ಈ 5600ರೊಳಗೆ ಚಿತ್ರ ಬರೆಯುವ ಭಾಗವೇ ಇಲ್ಲ, ಇದ್ದದ್ದೆಲ್ಲ ಕಾರ್ಡಿನಲ್ಲಿ.

ಮರುದಿನ ರಾತ್ರಿ ಹತ್ತಕ್ಕೆ ದಾವಣಗೆರೆಯಿಂದ ಫೋನು. "ಮಾಮ, ಫ್ಯಾನ್ ತಿರಗ್ತೈತಿ, ಸ್ಕ್ರೀನ್ ಮಾತ್ರ ಕರ್ರಗೈತಿ. ಮೋಸ ಆತು ಅನ್ಸುತ್ತ." ಮಾನಿಟರಿನ ಕೇಬಲ್ ಎಲ್ಲಿಗೆ ಚುಚ್ಚಿದ್ದೀಯ ಎಂದು ಕೇಳಿದೆ. ಹಿಂದುಗಡೆ, ಮೇಲೆ, ಯುಎಸ್‌ಬಿ ತೂತುಗಳ ಪಕ್ಕ ಅಂದ. ಅದು ಮದರ್‌ಬೋರ್ಡಿನದು, ಕೆಳಗೆ ಅಡ್ಡಡ್ಡ ಇರುವ ಕಾರ್ಡಿನ ತೂತಿಗೆ ಹಾಕು ಅಂದೆ. ಒಂದರ್ಧ ನಿಮಿಷ ಸದ್ದಿಲ್ಲ. ಆಮೇಲೆ ಅಮ್ಮನನ್ನು ಕೂಗಿ ಕರೆಯುವುದು ಕೇಳಿಸಿತು. ಫೋನ್ ಇಡುವುದನ್ನೂ ಮರೆತಿದ್ದ.