ಹೊಸ ಯಂತ್ರಕ್ಕೆ ಕಾಯುವವರ ಕೈಯಲ್ಲಿ ಹಳೆಯ ಆಟ

ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಆಟದ ಯಂತ್ರವೊಂದು ಹೊಸದಾಗಿ ಬರಲಿದೆಯೆಂಬ ಸುದ್ದಿ ಹಬ್ಬಿದರೆ ಮಕ್ಕಳಿರುವ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. “ಅದು ಯಾವಾಗ ಸಿಗುತ್ತದೆ?” ಎಂಬುದು ಮಕ್ಕಳ ಪ್ರಶ್ನೆ. “ಇದ್ದದ್ದಕ್ಕೆ ಏನಾಗಿದೆ?” ಎಂಬುದು ಹಿರಿಯರದು. ಹಿರಿಯರ ಪ್ರಶ್ನೆಯನ್ನು ಜಿಪುಣತನವೆಂದು ತಳ್ಳಿಹಾಕುವಂತಿಲ್ಲ. ಯಂತ್ರ ತಯಾರಿಸುವ ದೊಡ್ಡ ಕಂಪೆನಿಗಳೇ ಕಳೆದ 40 ವರ್ಷಗಳಿಂದ ಆ ಪ್ರಶ್ನೆಗೆ ಉತ್ತರ ಕೊಡಲು ತಿಣುಕಾಡುತ್ತಿವೆ.

ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪೆನಿಯನ್ನೇ ತೆಗೆದುಕೊಳ್ಳೋಣ. 1889ರಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆ ತಯಾರಿಸಲು ಹುಟ್ಟಿಕೊಂಡ ಸಂಸ್ಥೆಯಿದು. 2017ರ ಮಾರ್ಚ್ 3ರಂದು ಮಾರುಕಟ್ಟೆಗೆ ಬಂದ ಇದರ ‘ಸ್ವಿಚ್’ ಎಂಬ ಯಂತ್ರ 15 ಕೋಟಿಗೂ ಮಿಕ್ಕಿ ಮಾರಾಟವಾಯಿತು. ಅದರ ಬೆನ್ನಿಗೆ ಬರುವ ಯಂತ್ರ ಹೇಗಿರಬಹುದೆಂದು ಅಭಿಮಾನಿಗಳು ವರ್ಷಗಟ್ಟಲೆ ಊಹೆ ಕಟ್ಟಿದರು. 2024ರ ನವೆಂಬರದಲ್ಲಿ ಕಂಪೆನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಅವರು ಒಂದು ಸಂಗತಿಯನ್ನು ಹೊರಗೆಡಹಿದರು: ಸ್ವಿಚ್‌ನ ಆಟಗಳು ಹೊಸ ಯಂತ್ರದಲ್ಲಿಯೂ ನಡೆಯುತ್ತವೆ. ಆ ಹೊತ್ತಿಗೆ ಹೊಸ ಯಂತ್ರದ ಹೆಸರೂ ಪ್ರಕಟವಾಗಿರಲಿಲ್ಲ! ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದೆಂದು ನಗುವವರು ನಗಲಿ, ಜನರಿಗೆ ಯಾವುದು ಮುಖ್ಯವೆಂದು ಆ ವ್ಯಾಪಾರಿಗೆ ಚೆನ್ನಾಗಿ ಗೊತ್ತಿತ್ತು.

‘ಸ್ವಿಚ್ 2’ ಎಂಬ ಹೆಸರು ಹೊರಬಿದ್ದದ್ದು 2025ರ ಜನವರಿ 16ರಂದು, ಅಂಗಡಿಗೆ ಬಂದದ್ದು ಜೂನ್ 5ರಂದು. ನಡುವಿನ ನಾಲ್ಕೂವರೆ ತಿಂಗಳು ಕಾಯುವವರಿಗೆ ಹಳೆಯ ಆಟಗಳೇ ಗತಿ. ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸುವುದು, ಒಮ್ಮೆ ಗೆದ್ದದ್ದನ್ನು ಇನ್ನೊಂದು ದಾರಿಯಿಂದ ಗೆಲ್ಲುವುದು, ತಮ್ಮನಿಗೋ ತಂಗಿಗೋ ಕಲಿಸಿಕೊಡುವುದು – ಕಾಯುವ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ತಮಾಷೆಯೆಂದರೆ ಹೊಸ ಯಂತ್ರ ಬಂದ ದಿನವೇ ಕಂಪೆನಿಯು 2017ರ ಮತ್ತು 2023ರ ‘ಜೆಲ್ಡಾ’ ಆಟಗಳನ್ನು ಹೊಳಪೇರಿಸಿ ಪುನಃ ಮಾರಿತು. ಹಳೆಯದು ಕೈಯಲ್ಲಿದ್ದವರು ಹೊಳಪಿಗೆಂದು ಸ್ವಲ್ಪ ಹೆಚ್ಚು ಹಣ ತೆತ್ತರೆ ಸಾಕಿತ್ತು. ಮೊದಲ ನಾಲ್ಕು ದಿನಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಯಂತ್ರಗಳು ಖರ್ಚಾದವು.

ಇದೇ ಕಂಪೆನಿ ಹಿಂದೆ ಹೀಗಿರಲಿಲ್ಲ. 1983ರ ಜುಲೈ 15ರಂದು ಅದರ ‘ಫ್ಯಾಮಿಕಾಮ್’ ಜಪಾನಿನಲ್ಲಿ ಹೊರಬಂತು, ಬೆಲೆ 14,800 ಯೆನ್. ಏಳು ವರ್ಷಗಳ ನಂತರ, 1990ರ ನವೆಂಬರ್ 21ರಂದು, ‘ಸೂಪರ್ ಫ್ಯಾಮಿಕಾಮ್’ ಬಂತು, ಬೆಲೆ 25,000 ಯೆನ್. ದರೋಡೆಯ ಭಯದಿಂದ ರಾತ್ರಿಯ ಹೊತ್ತಿನಲ್ಲಿ ಲಾರಿಗಳಲ್ಲಿ ಸಾಗಿಸಿದ ಮೊದಲ ಕಂತಿನ 3 ಲಕ್ಷ ಯಂತ್ರಗಳು ಕೆಲವೇ ಗಂಟೆಗಳಲ್ಲಿ ಮುಗಿದುಹೋದವು. ಅಂದು ಅದರ ಜೊತೆಗೆ ಸಿಕ್ಕಿದ ಆಟಗಳು ಕೇವಲ ಎರಡು. ಏಳು ವರ್ಷ ಕೂಡಿಟ್ಟ ಹಳೆಯ ಕ್ಯಾಸೆಟ್ಟುಗಳು ಹೊಸದರ ಬಾಯಿಗೆ ಹೋಗುತ್ತಲೇ ಇರಲಿಲ್ಲ. ಆದರೂ ಒಂದು ಮಾತನ್ನು ಒಪ್ಪಬೇಕು. ಹಳೆಯ ಫ್ಯಾಮಿಕಾಮನ್ನು ಕಂಪೆನಿ ಕೈಬಿಡಲಿಲ್ಲ. 2003ರವರೆಗೆ ತಯಾರಿಸುತ್ತ ಬಂತು, 2007ರ ವರೆಗೆ ರಿಪೇರಿಯನ್ನೂ ಮಾಡಿಕೊಟ್ಟಿತು.

ಸೋನಿ ಕಂಪೆನಿಯ ಕತೆ ತಿರುಗುಮುರುಗು. 2000ದ ಮಾರ್ಚ್‌ನಲ್ಲಿ ಬಂದ ಅದರ ಎರಡನೆಯ ‘ಪ್ಲೇಸ್ಟೇಷನ್’ ಮೊದಲನೆಯದರ ಡಿಸ್ಕುಗಳನ್ನೂ ಓಡಿಸಿತು. 15 ಕೋಟಿಗೂ ಮೀರಿ ಮಾರಾಟವಾಯಿತು. 2006ರ ಮೂರನೆಯದರಲ್ಲಿ ಮೊದಮೊದಲು ಎರಡನೆಯದರ ಆಟಗಳು ನಡೆಯುತ್ತಿದ್ದವು. ಖರ್ಚು ತಗ್ಗಿಸುವ ಸಲುವಾಗಿ ನಂತರದ ತಯಾರಿಕೆಯಲ್ಲಿ ಆ ಸೌಲಭ್ಯವನ್ನು ತೆಗೆದುಹಾಕಿದರು. ಒಂದೇ ಹೆಸರಿನ ಯಂತ್ರ. ಮೊದಲು ಕೊಂಡವನಿಗೆ ಹಳೆಯ ಆಟ ಉಂಟು, ತಡವಾಗಿ ಕೊಂಡವನಿಗೆ ಇಲ್ಲ.

ಹಾಗೆಂದು ಹಳೆಯ ಯಂತ್ರವನ್ನು ಅಟ್ಟದಲ್ಲಿ ಕಾಪಿಟ್ಟರೆ ಸಾಕೆಂದು ತಿಳಿಯಬೇಡಿ. ಆ ಕಾಲದ ಅನೇಕ ಕ್ಯಾಸೆಟ್ಟುಗಳ ಒಳಗೆ ಗುಂಡಿಯಾಕಾರದ ಚಿಕ್ಕ ಬ್ಯಾಟರಿಯೊಂದಿರುತ್ತದೆ. ಆಡುವವನು ಎಲ್ಲಿಯವರೆಗೆ ಮುಟ್ಟಿದ್ದಾನೆಂಬ ಲೆಕ್ಕ ಉಳಿಯುವುದು ಅದರ ಬಲದಿಂದ. ಬ್ಯಾಟರಿ ಸತ್ತರೆ ಆ ಲೆಕ್ಕ ಅಳಿಸಿಹೋಗುತ್ತದೆ, ಆಟ ಮಾತ್ರ ಉಳಿಯುತ್ತದೆ. ಬೆಸುಗೆ ಹಾಕಬಲ್ಲ ರೇಡಿಯೋ ರಿಪೇರಿಯವರು ಅದನ್ನು ಬದಲಿಸಿಕೊಡಬಲ್ಲರು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿದರೆ ಸರಿಯಾಗುತ್ತದೆಂಬ ನಂಬಿಕೆ ಲೋಕದ ತುಂಬ ಇದೆ. ಸರಿಯಾಗುವುದು ತೆಗೆದು ಮತ್ತೆ ಹಾಕುವುದರಿಂದ. ಊದುವಾಗ ಹೋಗುವ ತೇವದಿಂದ ಲೋಹದ ಹಲ್ಲುಗಳು ತುಕ್ಕು ಹಿಡಿಯುತ್ತವೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಬೇರೆ ತೇವವೇನೂ ಬೇಕಾಗಿಲ್ಲವಷ್ಟೆ.

1990ರ ದಶಕದಲ್ಲಿ ನಮ್ಮ ದೇಶದ ಪೇಟೆಗಳಲ್ಲಿ ‘ವಿಡಿಯೋ ಗೇಮ್’ ಎಂದು ಮಾರಾಟವಾದವುಗಳಲ್ಲಿ ಹೆಚ್ಚಿನವು ಈ ಫ್ಯಾಮಿಕಾಮಿನ ನಕಲುಗಳೇ. ‘ಒಂದರಲ್ಲಿ 9999 ಆಟ’ ಎಂದು ಚೀಟಿ ಅಂಟಿಸಿದ ಕ್ಯಾಸೆಟ್ಟು ಹಾಕಿ ನೋಡಿದರೆ ಬೆರಳೆಣಿಕೆಯ ಆಟಗಳೇ ಹಿಂದುಮುಂದಾಗಿ ಬರುತ್ತಿದ್ದವು. ಮೀಸೆಯ ಮಾರಿಯೋನನ್ನು ನಮ್ಮಲ್ಲಿ ಬಹಳಷ್ಟು ಮನೆಗಳು ಕಂಡದ್ದು ಹೀಗೆ, ಕಳ್ಳದಾರಿಯಲ್ಲಿ.

ಈಗಿನ ತೊಡಕು ಬೇರೆ. ಆಟಗಳು ಹೆಚ್ಚಾಗಿ ಇಂಟರ್‌ನೆಟ್ಟಿನ ಮೂಲಕ ಇಳಿಸಿಕೊಳ್ಳುವ ಸರಕಾಗಿವೆ. ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಇಂಟರ್‌ನೆಟ್ ಅಂಗಡಿಯನ್ನು 2023ರ ಮಾರ್ಚ್ 27ರಂದು ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳ ಮಾರಾಟ ಅಂದಿಗೇ ನಿಂತಿತು. ಅದೇ ವರ್ಷ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳ ಪೈಕಿ ನೂರಕ್ಕೆ 87 ಇಂದು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವುದಿಲ್ಲ. ನಮ್ಮ ಆಟಿ ತಿಂಗಳ ಚೆನ್ನೆಮಣೆಗೆ ಈ ಪೀಡೆಯಿಲ್ಲ. ಮಣೆಗೆ ಗೆದ್ದಲು ಹಿಡಿದರೆ ನೆಲದಲ್ಲಿ ಗುಳಿ ತೋಡಿಕೊಂಡಾದರೂ ಆಡಬಹುದು.

ಹೊಸ ಯಂತ್ರದ ಬೆಲೆಯ ಬಗ್ಗೆ ನಮ್ಮಂಥವರು ಗಮನಿಸಬೇಕಾದ ವಿಶೇಷವೊಂದಿದೆ. ಬಿಡುಗಡೆಯ ಹೊತ್ತಿಗೆ ಜಪಾನಿನಲ್ಲಿ ಅದು ಎರಡು ಬೆಲೆಗೆ ಬಂತು. ಜಪಾನಿ ಭಾಷೆ ಮಾತ್ರ ಉಳ್ಳದ್ದಕ್ಕೆ 49,980 ಯೆನ್, ಹಲವು ಭಾಷೆಗಳದ್ದಕ್ಕೆ 69,980 ಯೆನ್. ಒಳಗಿನ ಯಂತ್ರ ಒಂದೇ. ಸ್ವಂತ ಭಾಷೆಯವರಿಗೆ 20,000 ಯೆನ್ ಅಗ್ಗ, ಪರಭಾಷಿಕರಿಗೆ ದುಬಾರಿ! ಭಾಷೆಗೂ ರೊಕ್ಕದ ಲೆಕ್ಕ ಉಂಟೆಂಬುದು ಗಡಿನಾಡ ಕನ್ನಡಿಗರಿಗೆ ಹೊಸ ಪಾಠವೇನಲ್ಲ. ಆ ಹಲವು ಭಾಷೆಗಳಲ್ಲಿ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ.

ಅಮೆರಿಕದಲ್ಲಿ ಆಗಿನ ಬೆಲೆ 449.99 ಡಾಲರು, ಅಂದರೆ 38 ಸಾವಿರ ರೂಪಾಯಿಗೂ ಮೇಲೆ. ಅಷ್ಟು ಹಣ ಹಾಕುವವರು, ಗಲ್ಫಿನಿಂದ ಬರುವ ಬಂಧುಗಳಲ್ಲಿ ತರಲು ಹೇಳುವವರು, ಅದು ಜಪಾನಿ ಮಾತ್ರ ಬಲ್ಲ ಯಂತ್ರವೇ ಎಂದು ಮೊದಲು ವಿಚಾರಿಸಲಿ. ಆಟದ ಕಾರ್ಡು ಕೊಳ್ಳುವಾಗಲೂ ಎಚ್ಚರ ಬೇಕು. ಸ್ವಿಚ್ 2ರ ಕೆಲವು ಕಾರ್ಡುಗಳಲ್ಲಿ ಆಟವೇ ಇರುವುದಿಲ್ಲ, ಇರುವುದು ಕೀಲಿ ಮಾತ್ರ. ಆಟವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಆಡುವಾಗಲೆಲ್ಲ ಕಾರ್ಡನ್ನೂ ಹಾಕಬೇಕು. ಅಂಥ ಕಾರ್ಡಾದರೆ ಪೆಟ್ಟಿಗೆಯ ಮುಂಭಾಗದಲ್ಲಿ, ಕೆಳಗೆ, ಅದನ್ನು ಮುದ್ರಿಸಿರುತ್ತಾರೆ.